ಗ್ರಾಮಸಭೆಗೊಂದು ಹ್ಯಾಂಡಿಕ್ಯಾಮ್: ದುಡ್ಡು ಕೊಡುವ ಮೊದಲು ಕಿವಿಗೊಟ್ಟು ನೋಡಿ

2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರದ ಫಲಿತಾಂಶ ತೀರ್ಮಾನವಾದದ್ದು ಒಂದೇ ಒಂದು ಮತದಿಂದ. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಆಮೇಲೆ ಕ್ಷೇತ್ರ ಪುನರ್ವಿಂಗಡಣೆಯಾಗಿ 2008ರ ಹೊತ್ತಿಗೆ ಆ ಕ್ಷೇತ್ರವೇ ಇಲ್ಲವಾಯಿತು. ಆದರೂ ಆ ಒಂದು ಮತದ ಲೆಕ್ಕ ಇವತ್ತಿಗೂ ಉಳಿದಿದೆ, ಯಾಕಂದ್ರೆ ಅದು ದಾಖಲೆಯಲ್ಲಿದೆ.

ಒಂದು ಮತಕ್ಕೆ ಇಷ್ಟು ಲೆಕ್ಕ ಇಡುವ ವ್ಯವಸ್ಥೆ, ಗ್ರಾಮಸಭೆಯಲ್ಲಿ ಎದ್ದುನಿಂತು ಆಡಿದ ಒಂದು ಮಾತಿಗೆ ಎಷ್ಟು ಲೆಕ್ಕ ಇಡುತ್ತದೆ?

ಸಂತೆಮರಹಳ್ಳಿ ಸುತ್ತಲಿನ ಒಂದು ಊರಿನ ಸಭೆಯಲ್ಲಿ ನಾನು ಕೂತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಅವ್ವ ಎದ್ದು, ತಮ್ಮ ಕೇರಿಗೆ ನೀರಿನ ಪೈಪ್ ಯಾವಾಗ ಬರುತ್ತೆ ಅಂತ ಕೇಳಿದರು. ಉತ್ತರವೂ ಬಂತು, ತಿಂಗಳ ಹೆಸರನ್ನೂ ಹೇಳಿದರು. ನಾನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಮನೆಗೆ ಬಂದು ಹಾಕಿ ಕೇಳಿದರೆ ಬರೀ ಫ್ಯಾನಿನ ಸದ್ದು, ಮೈಕಿನ ಕೀರಲು. ನಡುವೆ ಒಂದು ಕರೆ ಬಂದು ರೆಕಾರ್ಡಿಂಗ್ ನಿಂತೇ ಹೋಗಿತ್ತು. ನಡಾವಳಿ ಪುಸ್ತಕದಲ್ಲಿ ಇದ್ದದ್ದು ಒಂದೇ ಪದ: "ಚರ್ಚಿಸಲಾಯಿತು." ಮುಂದಿನ ಸಲ ಸಿಕ್ಕಾಗ ಆ ಅವ್ವ ಅಂದರು: "ಒಪ್ಕಂಡಿದ್ದು ನಾವೆಲ್ಲ ಕೇಳಿವಿ ಕನಪ್ಪ, ಈಗ ಹೇಳೇ ಇಲ್ಲ ಅಂತಾರೆ."

ಆಗ ನಾವು ಕೆಲವರು ದುಡ್ಡು ಸೇರಿಸಿ, ಊರಲ್ಲಿ ಎಲ್ಲರೂ ಹ್ಯಾಂಡಿಕ್ಯಾಮ್ ಅನ್ನುವ ಚಿಕ್ಕ ಎಚ್‌ಡಿ ಕ್ಯಾಮ್‌ಕಾರ್ಡರ್ ಹುಡುಕಲು ಹೊರಟೆವು. ಆ ಓಡಾಟದಲ್ಲಿ ಕಲಿತದ್ದು ಇಲ್ಲಿದೆ.

ಫೋನ್ ಇರುವಾಗ ಇದೇಕೆ?

ಹತ್ತು ನಿಮಿಷದ ಪ್ರತಿಭಟನೆಗೆ ಫೋನ್ ಧಾರಾಳ ಸಾಕು. ಆದರೆ ಸಭೆ ಮೂರು ಗಂಟೆ ನಡೆಯುತ್ತದೆ. ಅಷ್ಟು ಹೊತ್ತಿಗೆ ಫೋನ್ ಬಿಸಿಯಾಗುತ್ತದೆ, ಮೆಮೊರಿ ತುಂಬುತ್ತದೆ, ಕರೆ ಬರುತ್ತದೆ. ಡಿಎಸ್ಎಲ್ಆರ್ ಥರದ ಸ್ಟಿಲ್ ಕ್ಯಾಮೆರಾಗಳಲ್ಲಿ ಇನ್ನೊಂದು ತೊಡಕಿದೆ: ಹಳೆಯ ಮಾಡೆಲ್‌ಗಳಲ್ಲಿ ಬಹಳಷ್ಟು 29 ನಿಮಿಷ 59 ಸೆಕೆಂಡಿಗೆ ತಾವೇ ನಿಲ್ಲುತ್ತವೆ. 30 ನಿಮಿಷ ಅಥವಾ ಹೆಚ್ಚು ರೆಕಾರ್ಡ್ ಮಾಡುವುದನ್ನು ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಯುರೋಪಿನಲ್ಲಿ ಬೇರೆ ಸುಂಕ ಹಾಕುತ್ತಿದ್ದರು. ಅದನ್ನು ತಪ್ಪಿಸಲು ಕಂಪನಿಗಳು ಇಟ್ಟ ಮಿತಿ ಅದು. ಹ್ಯಾಂಡಿಕ್ಯಾಮ್‌ಗೆ ಆ ಮಿತಿ ಇಲ್ಲ. ಬ್ಯಾಟರಿ ಬದಲಿಸಬಹುದು, ಝೂಮ್ ಚೆನ್ನಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಅದು ಯಾರೊಬ್ಬರ ಖಾಸಗಿ ಫೋನೂ ಅಲ್ಲ.

ಮೊದಲು ಕಿವಿ, ಆಮೇಲೆ ಕಣ್ಣು

ಅಂಗಡಿಗೆ ಹೋದರೆ ಮೊದಲ ಮಾತೇ "4ಕೆ ತಗೊಳ್ಳಿ ಸಾರ್." ನಮಗೆ ಬೇಕಾದದ್ದು ಮಾತು. ಮುಖ ಸ್ವಲ್ಪ ಮಸುಕಾದರೂ ನಡೆಯುತ್ತೆ, ತಿಂಗಳ ಹೆಸರು ಕೇಳಿಸದಿದ್ದರೆ ಆ ವಿಡಿಯೊ ಇದ್ದೂ ಇಲ್ಲದಂತೆ. 1920×1080ರ ಫುಲ್ ಎಚ್‌ಡಿ ನಮ್ಮ ಕೆಲಸಕ್ಕೆ ಸಾಕು.

ಹೊರಗಿನ ಮೈಕ್ ಸಿಕ್ಕಿಸುವ 3.5 ಎಂಎಂ ತೂತು, ಇಯರ್‌ಫೋನ್ ತೂತು ಎರಡೂ ಇವೆಯಾ ನೋಡಿ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಮೊದಲು ಕತ್ತರಿ ಬೀಳುವುದೇ ಇದಕ್ಕೆ. ಉದಾಹರಣೆಗೆ ಸೋನಿ ಎಚ್‌ಡಿಆರ್-ಸಿಎಕ್ಸ್405ರಲ್ಲಿ 30 ಪಟ್ಟು ಆಪ್ಟಿಕಲ್ ಝೂಮ್ ಇದೆ, ಮೈಕ್ ತೂತು ಇಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಅದು ಕೊರತೆಯಲ್ಲ, ಸಭೆಗೆ ಕೊರತೆ.

ಪರೀಕ್ಷೆ ಹೀಗೆ ಮಾಡಿ: ಅಂಗಡಿಯ ಫ್ಯಾನ್ ಹಾಕಿಸಿ, ಗೆಳೆಯರೊಬ್ಬರನ್ನು ಇಪ್ಪತ್ತು ಅಡಿ ದೂರ ನಿಲ್ಲಿಸಿ, ಮೆಲುದನಿಯಲ್ಲಿ ಹೆಸರು, ತಾರೀಖು, ಮೊತ್ತ ಹೇಳಿಸಿ. ನಡುವೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿಸಿ. ಸದ್ದನ್ನು ತಾನೇ ಹೊಂದಿಸಿಕೊಳ್ಳುವ ಕ್ಯಾಮೆರಾ, ದೊಡ್ಡ ಸದ್ದು ಬಂದ ತಕ್ಷಣ ಎಲ್ಲವನ್ನೂ ತಗ್ಗಿಸಿಬಿಡುತ್ತದೆ. ಅದರ ಹಿಂದೆಯೇ ಬಂದ ಮೆಲುಮಾತು ಮುಳುಗುತ್ತದೆ. ಸದ್ದಿನ ಮಟ್ಟವನ್ನು ಕೈಯಲ್ಲಿ ಹೊಂದಿಸಲು ಬರುವ ಮಾಡೆಲ್ ಸಿಕ್ಕರೆ ಅದನ್ನೇ ಆರಿಸಿ. ಕ್ಯಾಮೆರಾದ ಸ್ಪೀಕರ್ ನಂಬಬೇಡಿ, ಇಯರ್‌ಫೋನ್ ಹಾಕಿಯೇ ಕೇಳಿ.

ಮೂರು ಗಂಟೆಯ ಲೆಕ್ಕ

ಈ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಕಾಣುವ ಎವಿಸಿಎಚ್‌ಡಿ ಎಂಬ ವಿಧಾನವನ್ನು ಸೋನಿ ಮತ್ತು ಪ್ಯಾನಾಸೋನಿಕ್ 2006ರಲ್ಲಿ ತಂದವು. ಇದರಲ್ಲಿ ಸೆಕೆಂಡಿಗೆ 24 ಮೆಗಾಬಿಟ್ ದರದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 10.8 ಜಿಬಿ ಆಗುತ್ತದೆ. ಮೂರು ಗಂಟೆಯ ಸಭೆಗೆ 32 ಜಿಬಿ ಕಾರ್ಡ್ ಸಾಲದು, 64 ಜಿಬಿ ಬೇಕು.

32 ಜಿಬಿವರೆಗಿನ ಕಾರ್ಡ್‌ಗಳಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಹಾಗಾಗಿ ಈ ದರದಲ್ಲಿ ಸುಮಾರು 24 ನಿಮಿಷಕ್ಕೊಮ್ಮೆ ಫೈಲ್ ತುಂಡಾಗುತ್ತದೆ. ಕೆಲವು ಕ್ಯಾಮೆರಾಗಳು ಅದಕ್ಕೂ ಮೊದಲೇ ತುಂಡು ಮಾಡುತ್ತವೆ. ತುಂಡಾಗುವುದು ತಪ್ಪಲ್ಲ, ಎರಡು ತುಂಡಿನ ನಡುವೆ ಮಾತು ಕಳೆದುಹೋದರೆ ತಪ್ಪು. ಅರ್ಧ ಗಂಟೆ ಬಿಡದೆ ರೆಕಾರ್ಡ್ ಮಾಡಿ, ಒಬ್ಬರು ಒಂದು, ಎರಡು, ಮೂರು ಅಂತ ಎಣಿಸುತ್ತಿರಲಿ. ಆಮೇಲೆ ಜೋಡಣೆಯ ಜಾಗದಲ್ಲಿ ಒಂದಾದರೂ ಅಂಕಿ ಮಾಯವಾಗಿದೆಯಾ ಕೇಳಿ. "ಸಭೆಯ ನಡುವೆ ಕತ್ತರಿಸಿದ್ದೀರಿ" ಎಂಬ ಆಕ್ಷೇಪಕ್ಕೆ ಉತ್ತರ ಈ ಪರೀಕ್ಷೆಯಲ್ಲಿದೆ.

ಡಬ್ಬಿಯ ಮೇಲೆ ಬರೆದ ಬ್ಯಾಟರಿ ಸಮಯವನ್ನು ಪೂರ್ತಿ ನಂಬಬೇಡಿ; ಪರದೆ ಬೆಳಗುತ್ತಾ, ಝೂಮ್ ಓಡುತ್ತಾ ಇದ್ದರೆ ಅಷ್ಟು ಬಾಳುವುದಿಲ್ಲ. ನಿಮ್ಮ ಪವರ್ ಬ್ಯಾಂಕ್ ಒಯ್ದು, ಅದನ್ನು ಸಿಕ್ಕಿಸಿಯೇ ರೆಕಾರ್ಡ್ ಆಗುತ್ತದಾ ನೋಡಿ. ಕೆಲವು ಕ್ಯಾಮೆರಾ ಆಫ್ ಆಗಿದ್ದಾಗ ಮಾತ್ರ ಚಾರ್ಜ್ ಆಗುತ್ತವೆ.

ಟ್ಯೂಬ್‌ಲೈಟ್ ಮತ್ತು ಹೊರದೇಶದ ಮಾಲು

ಸಭೆ ನಡೆಯುವುದು ಶಾಲೆಯ ಕೋಣೆಯಲ್ಲೋ ಸಮುದಾಯ ಭವನದಲ್ಲೋ, ಒಂದೆರಡು ಟ್ಯೂಬ್‌ಲೈಟ್ ಕೆಳಗೆ. ಚಿಕ್ಕ ಕ್ಯಾಮೆರಾದ ಸೆನ್ಸರೂ ಚಿಕ್ಕದು, ಕತ್ತಲಲ್ಲಿ ಚಿತ್ರ ಕಾಳುಕಾಳಾಗುತ್ತದೆ. ಅಂಗಡಿಯ ಝಗಮಗ ಬೆಳಕಿನಲ್ಲಿ ನೋಡಿ ಒಪ್ಪಬೇಡಿ, ಗೋದಾಮಿನ ಮೂಲೆಗೆ ಒಯ್ದು ನೋಡಿ.

ನಮ್ಮ ಕರೆಂಟು 50 ಹರ್ಟ್ಸ್, ಅಮೆರಿಕದ್ದು 60. ಅಲ್ಲಿಂದ ನೆಂಟರು ತಂದ ಕ್ಯಾಮೆರಾ ಸೆಕೆಂಡಿಗೆ 30 ಅಥವಾ 60 ಚೌಕಟ್ಟು ಹಿಡಿಯುವುದರಿಂದ, ನಮ್ಮ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕಬಹುದು. 25 ಅಥವಾ 50 ಚೌಕಟ್ಟಿನದ್ದೇ ಕೇಳಿ.

ಝೂಮ್‌ನಲ್ಲಿ ಆಪ್ಟಿಕಲ್ ಅಂಕಿಯೊಂದೇ ನಿಜವಾದ ಝೂಮ್. ಡಬ್ಬಿಯ ಮೇಲಿನ ದೊಡ್ಡ ಡಿಜಿಟಲ್ ಅಂಕಿ ಬರೀ ಚಿತ್ರ ಹಿಗ್ಗಿಸುವುದು. ಮೆನುವಿನಲ್ಲಿ ಡಿಜಿಟಲ್ ಝೂಮ್ ಆಫ್ ಮಾಡಿ, ಕೋಣೆಯ ಕೊನೆಯಿಂದ ಗೋಡೆಯ ಕ್ಯಾಲೆಂಡರ್ ಓದಿ ನೋಡಿ. ಟ್ರೈಪಾಡ್‌ನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮದುವೆ ವಿಡಿಯೊದವರಿಂದ ಹಳೆಯದು ಕೊಳ್ಳುವುದಾದರೂ ಇದೇ ಪರೀಕ್ಷೆ ಮಾಡಿ. ಜೊತೆಗೆ ಹೊಸ ಬ್ಯಾಟರಿ ಇನ್ನೂ ಸಿಗುತ್ತದಾ ವಿಚಾರಿಸಿ.

ಸಾಕ್ಷಿಯಾಗಿ ನಿಲ್ಲಬೇಕಾದರೆ

ಕ್ಯಾಮೆರಾದ ತಾರೀಖು, ಗಂಟೆ ಸರಿ ಇಡಿ. ಬ್ಯಾಟರಿ ತೆಗೆದು ಹಾಕಿದರೂ ಅದು ಉಳಿಯುತ್ತದಾ ಪರೀಕ್ಷಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಉಪಕರಣದ ವಿವರ, ಫೈಲಿನ ಹ್ಯಾಶ್ ಮೌಲ್ಯ ಎರಡೂ ಇರಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದಂತೆ, ಒಂದು ಚೂರು ಬದಲಾದರೂ ಅದೂ ಬದಲಾಗುತ್ತದೆ. ಹಾಗಾಗಿ ಮೂಲ ಕಾರ್ಡನ್ನು ಮುಟ್ಟದೆ ಎತ್ತಿಡಿ, ಪ್ರತಿ ಮಾಡಿಕೊಂಡು ಅದರಲ್ಲಿ ಕೆಲಸ ಮಾಡಿ. ವಾಟ್ಸಾಪ್‌ಗೆ ಹಾಕಿದ ವಿಡಿಯೊ ಕುಗ್ಗಿ ಬೇರೆಯೇ ಫೈಲ್ ಆಗಿರುತ್ತದೆ, ಅದು ಮೂಲವಲ್ಲ.

ಪಂಚಾಯಿತಿಯೇ ಸಭೆಯನ್ನು ಚಿತ್ರೀಕರಿಸಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದರ ಪ್ರತಿ ಕೇಳಬಹುದು. ಹಾಗಿದ್ದರೂ ನಮ್ಮದೊಂದು ಪ್ರತಿ ಯಾಕೆ ಬೇಕು? ಚುನಾವಣೆಯ ಕಡೆ ನೋಡಿ. 2024ರ ಡಿಸೆಂಬರ್‌ನಲ್ಲಿ ಚುನಾವಣಾ ನಡಾವಳಿ ನಿಯಮ 93ನ್ನು ತಿದ್ದಿ, ಮತಗಟ್ಟೆಯ ಸಿಸಿಟಿವಿ ದೃಶ್ಯದಂಥ ದಾಖಲೆಗಳನ್ನು ಸಾರ್ವಜನಿಕ ಪರಿಶೀಲನೆಯಿಂದ ಹೊರಗಿಟ್ಟರು. 2025ರ ಮೇ ತಿಂಗಳಲ್ಲಿ ಚುನಾವಣಾ ಆಯೋಗ, ತಕರಾರು ಅರ್ಜಿ ಇಲ್ಲದಿದ್ದರೆ 45 ದಿನಗಳ ನಂತರ ಅಂಥ ದೃಶ್ಯಗಳನ್ನು ಅಳಿಸಬಹುದು ಎಂದು ಸೂಚಿಸಿತು. ಮತಗಟ್ಟೆಯೊಳಗೆ ನಮ್ಮ ಕ್ಯಾಮೆರಾಕ್ಕೆ ಜಾಗವಿಲ್ಲ, ಅಲ್ಲಿಗೆ ಒಯ್ಯಲೂಬೇಡಿ. ಗ್ರಾಮಸಭೆಯ ಮಾತು ಬೇರೆ. ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಆ ಸಭೆ ಮತದಾರರದ್ದೇ.

ಹಾಗಂತ ಕ್ಯಾಮೆರಾ ಯಾರನ್ನೂ ಬೆದರಿಸಬಾರದು. ಶುರುವಿನಲ್ಲೇ ಎಲ್ಲರಿಗೂ ತಿಳಿಸಿ, ಕಾಣುವಂತೆ ನಿಲ್ಲಿಸಿ. ಮನೆಯ ಕಷ್ಟ ಹೇಳಿಕೊಳ್ಳುವ ಹೆಣ್ಣುಮಗಳ ಮುಖವನ್ನು ಕೇಳದೆ ಹಂಚಬೇಡಿ. ಉತ್ತರ ಕೊಡುವ ಕುರ್ಚಿಯ ಕಡೆ ಲೆನ್ಸ್ ಇರಲಿ, ಪ್ರಶ್ನೆ ಕೇಳುವವರ ಹತ್ತಿರ ಮೈಕ್ ಇರಲಿ.

ನಾವು ಕೊನೆಗೆ ಆರಿಸಿದ್ದು ಹಳೆಯದೊಂದು ಫುಲ್ ಎಚ್‌ಡಿ ಹ್ಯಾಂಡಿಕ್ಯಾಮ್. ಉಳಿದ ದುಡ್ಡಲ್ಲಿ ಒಂದು ಮೈಕ್, ಉದ್ದದ ವೈರು, ಎರಡು ಕಾರ್ಡ್. ಮುಂದಿನ ಸಭೆಯಲ್ಲಿ ಆ ಅವ್ವ ಮತ್ತೆ ಪೈಪಿನ ಮಾತು ಎತ್ತುತ್ತಾರೆ. ಆ ಮೈಕು ಈ ಸಲ ಹಿಂದಿನ ಸಾಲಿನಲ್ಲಿರುತ್ತದೆ.