ಮಣ್ಣಿಗೆ ಆಣೆ ಲೆಕ್ಕ ಕಟ್ಟಿದ ಕಾಲ

ಮೊಬೈಲ್‌ನಲ್ಲಿ ಪಹಣಿ ತೆರೆದರೆ ನಾವು ಹೆಸರು, ವಿಸ್ತೀರ್ಣ, ಸಾಲದ ವಿವರ ನೋಡಿ ಮುಚ್ಚುತ್ತೇವೆ. ಅದರಲ್ಲೇ ‘ಮಣ್ಣಿನ ನಮೂನೆ’ ಎಂಬ ಸಣ್ಣ ಕಲಂ ಇದೆ. ಒಂದು ಕಾಲಕ್ಕೆ ರೈತನ ಕಂದಾಯ ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸುತ್ತಿದ್ದುದೇ ಈ ಮಣ್ಣು.

ಪೇಶ್ವೆಗಳ ಆಡಳಿತ 1818ರಲ್ಲಿ ಮುಗಿದಾಗ ಧಾರವಾಡ ಸೀಮೆ ಕಂಪನಿ ಸರ್ಕಾರದ ಪಾಲಾಯಿತು. ಮುಂದೆ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಪುಣೆ ಕಡೆಯ ಇಂದಾಪುರದಲ್ಲಿ ಹೊಸ ಸರ್ವೆ ನಡೆಸಿದರು. ಅದೇ ಪದ್ಧತಿ ಧಾರವಾಡಕ್ಕೂ ಬಂತು. ಅದರ ನಿಯಮಗಳು 1847ರ ವರದಿಯಲ್ಲಿ ಗಟ್ಟಿಯಾದವು.

ಸರ್ವೆಯವರು ಹೊಲವನ್ನು ಸಮ ಭಾಗ ಮಾಡಿ, ಪ್ರತಿ ಭಾಗದಲ್ಲೂ ಮಣ್ಣು ಅಗೆದು ನೋಡುತ್ತಿದ್ದರು. ಬಣ್ಣ ಮತ್ತು ನಯ ನೋಡಿ ಮೂರು ಜಾತಿ ಮಾಡಿದ್ದರು. ಕಡುಗಪ್ಪಿನಿಂದ ಗಾಢ ಕಂದುವರೆಗಿನ ನುಣುಪು ಮಣ್ಣು ಮೊದಲನೆಯದು. ಅದಕ್ಕಿಂತ ತರಿಯಾದ, ಹೆಚ್ಚಾಗಿ ಕೆಂಪಾದದ್ದು ಎರಡನೆಯದು. ಗರಸು ಅಥವಾ ಸಡಿಲ ಮಣ್ಣು ಮೂರನೆಯದು. ಆಮೇಲೆ ಮೊಳದ ಲೆಕ್ಕದಲ್ಲಿ ಆಳ. ಒಂದೂ ಮುಕ್ಕಾಲು ಮೊಳ ಆಳದ ಮೊದಲ ಜಾತಿಗೆ 16 ಆಣೆ, ಕೊನೆಯ ಒಂಬತ್ತನೇ ದರ್ಜೆಗೆ 2 ಆಣೆ. ಇದು ಕಟ್ಟುವ ಹಣವಲ್ಲ, ಹೋಲಿಕೆ ಅಷ್ಟೆ: 8 ಆಣೆಯ ಹೊಲಕ್ಕೆ ಪೂರ್ತಿ ದರದ ಅರ್ಧ. ಆ ದರ ಸಾಮಾನ್ಯವಾಗಿ 30 ವರ್ಷ ಬದಲಾಗುತ್ತಿರಲಿಲ್ಲ. ಹಾಗಾಗಿ ಗುಂಡಿ ತೋಡಿದ ಆ ಒಂದು ದಿನ ಮಗನ ಕಾಲಕ್ಕೂ ಲೆಕ್ಕಕ್ಕೆ ಬರುತ್ತಿತ್ತು.

ಬಣ್ಣವೊಂದನ್ನೇ ಅವರು ನಂಬಲಿಲ್ಲ ಎಂಬುದು ನನಗೆ ಮೆಚ್ಚುಗೆಯ ವಿಷಯ. ಸುಣ್ಣಕಲ್ಲಿನ ಹರಳು ಬೆರೆತಿದೆಯೇ, ಹೊಲ ಇಳಿಜಾರಾಗಿದೆಯೇ, ಮಳೆನೀರು ಕೊಚ್ಚಿಕೊಂಡು ಹಾಯುತ್ತದೆಯೇ, ನೀರು ನಿಲ್ಲುತ್ತದೆಯೇ ಎಂದೆಲ್ಲ ನೋಡಿ, ಇಂಥ ಒಂದೊಂದು ದೋಷಕ್ಕೂ ಒಂದು ದರ್ಜೆ ಇಳಿಸುತ್ತಿದ್ದರು. ಕಾರಣ ಸರಳ. ಇಳಿಜಾರಿನಲ್ಲಿ ಮಳೆ ನುಣುಪು ಮಣ್ಣನ್ನು ಕೆಳಗೆ ಒಯ್ಯುತ್ತದೆ, ಮೇಲೆ ತೆಳು ಮಣ್ಣು ಉಳಿಯುತ್ತದೆ. ಎರೆಯಲ್ಲಿ ಹಿಂಗಾರಿ ಜೋಳ ಬೆಳೆಯುವುದು ಒಳಗಿನ ಹಸಿಯಿಂದ; ಮೇಲೆ ಎಷ್ಟೇ ಕಪ್ಪಿದ್ದರೂ ಅರ್ಧ ಮೊಳಕ್ಕೆ ಕಲ್ಲು ಸಿಕ್ಕರೆ ಹಸಿ ನಿಲ್ಲದು.

ಎರೆ, ಮಸಾರಿ, ಗರಸು ಎಂದು ನಮ್ಮವರು ಗುರುತಿಸುತ್ತಿದ್ದುದಕ್ಕೇ ಸರ್ಕಾರ ಆಣೆ ಹಚ್ಚಿತು. ಆದರೆ ತಗ್ಗಿನ ಮೂಲೆಯಲ್ಲಿ ಎರೆ, ದಿಬ್ಬದಲ್ಲಿ ಮಸಾರಿ ಇದ್ದರೂ ಕೊನೆಗೆ ಸರಾಸರಿ ತೆಗೆದು ಇಡೀ ಹೊಲಕ್ಕೆ ಒಂದೇ ಲೆಕ್ಕ. ಬಿತ್ತುವವನಿಗೆ ಮಾತ್ರ ಅವು ಎರಡು ಹೊಲ.

ಮೈಸೂರು ಸಂಸ್ಥಾನವೂ 1863ರಲ್ಲಿ ಮುಂಬಯಿಯ ಈ ಪದ್ಧತಿಯನ್ನೇ ತಂದು, ಚಿತ್ರದುರ್ಗದ ಕಡೆಯಿಂದ ಸರ್ವೆ ಶುರುಮಾಡಿತು.