ಕುದುರೆಯ ಬಾಯಿ, ಸವಾರನ ಕೈ

ಕುದುರೆಯ ಮುಂಬಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಜಾಗವೊಂದಿದೆ. ಅಲ್ಲಿ ಎಲುಬಿನ ಮೇಲೆ ತೆಳುವಾದ ಒಸಡು ಮಾತ್ರ. ಮನುಷ್ಯನು ಸಾವಿರಾರು ವರ್ಷಗಳಿಂದ ಲೋಹದ ಕಡಿವಾಣವನ್ನು ಕೂರಿಸುತ್ತಾ ಬಂದಿರುವುದು ಅದೇ ಜಾಗದಲ್ಲಿ. ನಮ್ಮ ಮಾತಿನ ‘ಲಗಾಮು’ ಪಾರಸಿಯಿಂದ ಬಂದುದು. ಅರಬಿಯ ‘ಲಿಜಾಮ್’ ಕೂಡ ಅದರ ದಾಯಾದಿಯೇ. ಕೇಳಿದವರಿಗೆ ಜ್ಞಾನವನ್ನು ತಿಳಿಸದೆ ಬಚ್ಚಿಡುವವನಿಗೆ ಅಂತ್ಯದಿನದಂದು ಬೆಂಕಿಯ ಲಗಾಮು ತೊಡಿಸಲಾಗುವುದೆಂಬ ಹದೀಸನ್ನು ಅಬೂದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಲಗಾಮು ಬಾಯಿಗೆ ಏನು ಮಾಡುತ್ತದೆಂದು ಕುದುರೆ, ಒಂಟೆಗಳ ನಡುವೆ ಬಾಳಿದ ಆ ಜನರಿಗೆ ವಿವರಿಸಬೇಕಾಗಿರಲಿಲ್ಲ.

ಆದರೂ ಇಸ್ಲಾಮ್ ಲಗಾಮನ್ನು ನಿಷೇಧಿಸಲಿಲ್ಲ. ಕುರ್‌ಆನ್ ‘ಅಲ್ ಆದಿಯಾತ್’ ಅಧ್ಯಾಯದಲ್ಲಿ ಏದುಸಿರು ಬಿಡುತ್ತಾ ಓಡುವ ಕುದುರೆಗಳ ಆಣೆ ಹಾಕುತ್ತದೆ. ಪ್ರವಾದಿವರ್ಯರು(ಸ) ಮದೀನಾದಲ್ಲಿ ಕುದುರೆ ಓಟವನ್ನೂ ಏರ್ಪಡಿಸಿದ್ದರು. ಬುಖಾರಿಯಲ್ಲಿರುವ ಆ ವರದಿಯ ಒಂದು ವಿವರವನ್ನು ನಾವು ಬೇಗ ದಾಟಿಬಿಡುತ್ತೇವೆ. ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ, ಅಂದರೆ ಸುಮಾರು ಐದಾರು ಮೈಲಿ. ಪಳಗದವಕ್ಕೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ, ಸುಮಾರು ಒಂದೇ ಮೈಲಿ. ಪ್ರಾಣಿಯ ಶಕ್ತಿಯೇ ಅಲ್ಲಿ ಓಟದ ಅಳತೆಯಾಗಿತ್ತು.

ಹಟಮಾರಿ ಒಂಟೆಯೊಂದನ್ನು ಹಝ್ರತ್ ಆಯಿಶಾ(ರ) ಹಿಂದಕ್ಕೂ ಮುಂದಕ್ಕೂ ತಿರುಗಿಸತೊಡಗಿದಾಗ ಪ್ರವಾದಿವರ್ಯರು(ಸ) ಅವರಿಗೆ ಮೃದುತ್ವವನ್ನು ಬೋಧಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ತಪ್ಪು ಒಂಟೆಯದೇ ಆಗಿದ್ದರೂ ಉಪದೇಶ ಸಿಕ್ಕಿದ್ದು ಸವಾರರಿಗೆ! ಮದೀನಾ ಒಂದು ರಾತ್ರಿ ಗಾಬರಿಗೊಂಡಾಗ ಅವರು ಅಬೂ ತಲ್‌ಹಾರ(ರ) ನಿಧಾನಗತಿಯ ಕುದುರೆಯನ್ನು ಜೀನಿಲ್ಲದೆಯೇ ಏರಿ ಹೋದರು. ಮರಳಿ ಬಂದು ಅದರ ಓಟವನ್ನು ಕಡಲಿಗೆ ಹೋಲಿಸಿದರು.

ಒಂಬತ್ತನೆಯ ಶತಮಾನದಲ್ಲಿ, ಅಬ್ಬಾಸಿಯರ ಕಾಲದಲ್ಲಿ, ಅಶ್ವವಿದ್ಯೆಯ ಗ್ರಂಥ ಬರೆದ ಇಬ್ನ್ ಅಖೀ ಹಿಝಾಮ್ ಕೂಡ ಜೀನಿಲ್ಲದ ಬೆನ್ನಿನ ಮೇಲೆ ಸ್ಥಿರವಾಗಿ ಕೂರುವುದನ್ನೇ ಸವಾರಿಯ ಬುನಾದಿಯೆಂದು ಬಗೆದರು. ಇದರಲ್ಲಿ ದೊಡ್ಡ ವಿವೇಕವಿದೆ. ಕೂರಲು ಬಾರದವನು ಬೀಳುವ ಭಯದಿಂದ ಲಗಾಮಿಗೆ ಜೋತುಬೀಳುತ್ತಾನೆ. ಅವನ ಭಾರವನ್ನೆಲ್ಲ ಕುದುರೆಯ ಒಸಡು ಹೊರಬೇಕಾಗುತ್ತದೆ.

ಇತಿಹಾಸದ ಇನ್ನೊಂದು ಮಗ್ಗುಲನ್ನೂ ಹೇಳದೆ ಇರಲಾಗದು. ಕೆಳದವಡೆಯನ್ನು ಉಂಗುರದಿಂದ ಬಳಸುವ ಕಠೋರ ಕಡಿವಾಣವೊಂದಕ್ಕೆ ಇಂದಿಗೂ ಮಮ್ಲೂಕರ ಹೆಸರಿದೆ. ಒಂದು ಕೈಯಲ್ಲಿ ಆಯುಧ ಹಿಡಿದು ಹೋರಾಡುವ ಯೋಧನಿಗೆ ಕುದುರೆ ಕಿರುಬೆರಳಿನ ಸೆಳೆತಕ್ಕೇ ನಿಲ್ಲಬೇಕಿತ್ತು, ತಿರುಗಬೇಕಿತ್ತು. ನುರಿತ ಕೈಯಲ್ಲಿ ಅದು ಬಹುತೇಕ ಸುಮ್ಮನಿರುತ್ತದೆ. ಸಿಟ್ಟಿನ ಕೈಯಲ್ಲಿ ದವಡೆಯನ್ನೇ ಘಾಸಿಗೊಳಿಸುತ್ತದೆ. ರಣರಂಗದ ಅಗತ್ಯವನ್ನು ನಾನು ಅಲ್ಲಗಳೆಯಲಾರೆ. ಆದರೆ ಅಗತ್ಯದ ರಿಯಾಯಿತಿ ಅಗತ್ಯವಿರುವಷ್ಟಕ್ಕೇ ಎಂಬುದು ಫಿಕ್‌ಹ್‌ನ ಸುಪರಿಚಿತ ನಿಯಮ. ಯುದ್ಧದ ಸಲಕರಣೆ ಮೆರವಣಿಗೆಗೆ ಬಂದಾಗ ಆ ರಿಯಾಯಿತಿಯೂ ಜೊತೆಗೆ ಬರುವುದಿಲ್ಲ.

ನಮ್ಮ ಮದುವೆಗಳಲ್ಲಿ ವರನನ್ನು ಹೊರುವ ಕುದುರೆಯ ಎದುರು ಯಾವ ಶತ್ರುವಿದ್ದಾನೆ? ಪಟಾಕಿ, ಬ್ಯಾಂಡು, ಕಣ್ಣು ಕೋರೈಸುವ ದೀಪಗಳಿಗೆ ಬೆದರಿದ ಪ್ರಾಣಿಯನ್ನು ಹಿಡಿದು ನಿಲ್ಲಿಸಲು ಕೆಲವೆಡೆ ಮುಳ್ಳಿನ ಕಡಿವಾಣ ಬಳಸುತ್ತಾರೆ. ಪ್ರಾಣಿಗಳನ್ನು ಏರಲು ಅಥವಾ ಹತೋಟಿಯಲ್ಲಿಡಲು ಮುಳ್ಳು, ಗುಬುಟುಗಳಿರುವ ಕಡಿವಾಣ ಬಳಸುವುದನ್ನು ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಕುರಿತ 1965ರ ಕೇಂದ್ರ ನಿಯಮಗಳು ನಿಷೇಧಿಸಿವೆ. ಕುದುರೆಯನ್ನು ಗೊತ್ತುಮಾಡುವಾಗ ಬಾಡಿಗೆಯ ಚೌಕಾಸಿ ನಡೆಯುತ್ತದೆ, ಅಲಂಕಾರದ ಮಾತೂ ಆಗುತ್ತದೆ. ಕಡಿವಾಣವನ್ನು ಒಮ್ಮೆ ಬಿಚ್ಚಿಸಿ ನೋಡಲು, ತುಟಿಯ ಮೂಲೆಗಳಲ್ಲಿ ಗಾಯವಿದೆಯೇ ಎಂದು ಪರೀಕ್ಷಿಸಲು ಎರಡು ನಿಮಿಷ ಸಾಕು.