ಓಡುವ ಸರ್ವರನ್ನು ನಿಲ್ಲಿಸದೆ ತಿದ್ದುವುದು

2014ರ ನವೆಂಬರ್ 1ರಂದು ಸರ್ಕಾರಿ ದಾಖಲೆಗಳ ಬೆಲ್ಗಾಮ್ ಬೆಳಗಾವಿಯಾಯಿತು. ಹಳೆಯ ಕಡತಗಳಲ್ಲಿ ಹಳೆಯ ಹೆಸರೇ ಉಳಿಯಿತು. ಹುಕ್ಕೇರಿ ತಾಲ್ಲೂಕಿನ ಕಣಗಲಾದ ಬಗ್ಗೆ ಹುಡುಕುವವರು ಜಿಲ್ಲೆಯ ಯಾವ ಹೆಸರು ಹಾಕಿದರೂ ಎರಡೂ ಬಗೆಯ ಪುಟಗಳು ಸಿಗಬೇಕು. ಅದಕ್ಕೆ ಸಮಾನಪದಗಳ ಕಡತದಲ್ಲಿ ಒಂದು ಸಾಲು ಸಾಕು. ಆದರೆ ಓಡುತ್ತಿರುವ ಹುಡುಕಾಟದ ಸರ್ವರ್ ಆ ಸಾಲನ್ನು ಓದುವುದು ಯಾವಾಗ?

ಮೊದಲು ಉತ್ತರ ಒಂದೇ: ರೀಸ್ಟಾರ್ಟ್ ಮಾಡಿದಾಗ. ಸ್ಫಿಂಕ್ಸ್ ಎಂಬ ಹುಡುಕಾಟದ ಸರ್ವರ್ ಸ್ವಲ್ಪ ಜಾಣತನ ತೋರಿತು. ಹೊಸ ಇಂಡೆಕ್ಸನ್ನು (ಪದಗಳ ಸೂಚಿಯನ್ನು) ಪಕ್ಕದಲ್ಲೇ ಕಟ್ಟಿ, ಯುನಿಕ್ಸ್ ಸಿಗ್ನಲ್ ಕೊಟ್ಟರೆ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯುತ್ತಿತ್ತು. ಲೂಸೀನ್ ಎಂಬ ಹುಡುಕಾಟದ ಲೈಬ್ರರಿಯ ಮೇಲೆ ಯೋನಿಕ್ ಸೀಲಿ 2004ರಲ್ಲಿ ಕಟ್ಟಲು ಶುರುಮಾಡಿದ ಸೋಲರ್ ಸರ್ವರ್, 2008ರ 1.3ನೇ ಆವೃತ್ತಿಯಲ್ಲಿ ‘ರೀಲೋಡ್’ ಆಜ್ಞೆ ತಂದಿತು. ಹೊಸ ಕಾನ್ಫಿಗ್ ಓದಿದ ಇನ್ನೊಂದು ಕೋರ್ (ಇಂಡೆಕ್ಸ್ ಮತ್ತು ಅದರ ಕಾನ್ಫಿಗ್ ಸೇರಿದ ಘಟಕ) ಸಿದ್ಧವಾಗುವವರೆಗೆ ಹಳೆಯದೇ ಉತ್ತರ ಕೊಡುತ್ತದೆ. ಹೊಸ ಕಡತದಲ್ಲಿ ತಪ್ಪಿದ್ದು ರೀಲೋಡ್ ವಿಫಲವಾದರೂ ಹುಡುಕಾಟ ನಿಲ್ಲುವುದಿಲ್ಲ. ಈ ಕ್ಷೇತ್ರದ ಅತಿ ದೊಡ್ಡ ಹೆಜ್ಜೆ ಇದೇ ಎಂದು ನಾನು ನಂಬಿದ್ದೇನೆ. 2012ರ ಸೋಲರ್ 4 ಕಾನ್ಫಿಗ್ ಕಡತಗಳನ್ನು ಜೂಕೀಪರ್ ಎಂಬ ಸಮನ್ವಯ ಸರ್ವರಿನಲ್ಲಿ ಒಂದೆಡೆ ಇಡುವ ದಾರಿ ತೆರೆಯಿತು. 2015ರ 5ನೇ ಆವೃತ್ತಿಯ ಕಾನ್ಫಿಗ್ ಎಪಿಐ ಬಂದ ಮೇಲೆ ಎಷ್ಟೋ ಬದಲಾವಣೆಗೆ ಕಡತವನ್ನು ಕೈಯಿಂದ ತಿದ್ದುವ ಅಗತ್ಯವೇ ಉಳಿಯಲಿಲ್ಲ.

2010ರಲ್ಲಿ ಶಾಯ್ ಬ್ಯಾನನ್ ಹೊರತಂದ ಎಲಾಸ್ಟಿಕ್‌ಸರ್ಚ್ ಸೆಟ್ಟಿಂಗ್‌ಗಳನ್ನೇ ಎರಡು ಪಾಲು ಮಾಡಿತು. ಇಂಡೆಕ್ಸಿನ ಪ್ರತಿಗಳ ಸಂಖ್ಯೆಯನ್ನು ಓಡುತ್ತಿರುವಾಗಲೇ ಬದಲಿಸಬಹುದು. ಪಠ್ಯವನ್ನು ಪದಗಳಾಗಿ ಒಡೆಯುವ ಹೊಸ ಅನಲೈಸರ್ ಸೇರಿಸಲು ಇಂಡೆಕ್ಸನ್ನು ಮುಚ್ಚಿ ತೆರೆಯಬೇಕು. 2019ರ 7.3ರಲ್ಲಿ ಸಮಾನಪದಗಳ ಪಟ್ಟಿಯನ್ನು ಮಾತ್ರ ಮರುಓದಿಸುವ ಸೌಲಭ್ಯ ಬಂತು. ಆದರೆ ಗುಂಪಿನ ಪ್ರತಿ ನೋಡ್‌ನಲ್ಲೂ (ಸರ್ವರಿನಲ್ಲೂ) ಕಡತ ಬದಲಿಸಬೇಕಿತ್ತು. 2023ರ 8.10ರ ಎಪಿಐ ಆ ತಾಪತ್ರಯವನ್ನೂ ತೆಗೆಯಿತು. ಈ ಸೌಲಭ್ಯಕ್ಕೊಂದು ಷರತ್ತಿದೆ: ಪಟ್ಟಿ ಹುಡುಕುವ ಹೊತ್ತಿನಲ್ಲಿ ಬಳಕೆಯಾಗುವಂಥದ್ದಾಗಿರಬೇಕು.

ನಮ್ಮ ಊರುಗಳ ಮಟ್ಟಿಗೆ ಆ ಷರತ್ತು ಒಳ್ಳೆಯದೇ. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾಯಿತು. ಮೂಡಲಗಿ ತಾಲ್ಲೂಕು ಎಂದು ಹುಡುಕಿದವರಿಗೆ ಗೋಕಾಕ ತಾಲ್ಲೂಕು ಎಂದು ಬರೆದ ಹಳೆಯ ದಾಖಲೆಗಳೂ ಬೇಕು. ಗೋಕಾಕ ಕೇಳಿದವರಿಗೆ ಇಡೀ ಮೂಡಲಗಿಯನ್ನು ತಂದು ಸುರಿಯಬಾರದು. ಇಂಥ ಒಮ್ಮುಖ ಹೊಂದಿಕೆ ಮೊದಲ ಸಲಕ್ಕೇ ಸರಿಹೋಗುವುದು ಅಪರೂಪ. ಪಟ್ಟಿ ಹುಡುಕಾಟದ ಕಡೆ ಇದ್ದರೆ ತಪ್ಪನ್ನು ಕೂಡಲೇ ಹಿಂತೆಗೆಯಬಹುದು. ಇಂಡೆಕ್ಸಿನೊಳಗೇ ಬೆರೆಸಿಬಿಟ್ಟರೆ ದಾಖಲೆಗಳನ್ನೆಲ್ಲ ಮತ್ತೆ ಓದಿಸಬೇಕು. ಹಾಗಾಗಿ ಊರ ಹೆಸರುಗಳನ್ನು ಯಾವತ್ತೂ ಹುಡುಕುವ ಹೊತ್ತಿಗೇ ಬಿಡುವುದು ಮೇಲು.

ವಿಭಕ್ತಿಗಳದ್ದು ಬೇರೆ ಪಾಡು. ಕಣಗಲಾದಲ್ಲಿ, ಕಣಗಲಾದಿಂದ, ಕಣಗಲಾಕ್ಕೆ ಎಲ್ಲವನ್ನೂ ಮೂಲರೂಪಕ್ಕೆ ತರುವ ನಿಯಮವನ್ನು ಸಾಮಾನ್ಯವಾಗಿ ಇಂಡೆಕ್ಸ್ ಮಾಡುವಾಗಲೇ ಹಾಕುತ್ತಾರೆ. ಲೂಸೀನಿನ ಇಂಡಿಕ್ ನಾರ್ಮಲೈಸರ್ ಕನ್ನಡ ಲಿಪಿಯ ಸಂಕೇತಗಳನ್ನು ಒಂದುಮಾಡುತ್ತದೆ, ಪ್ರತ್ಯಯ ಬಿಡಿಸುವುದಿಲ್ಲ. ಆ ನಿಯಮ ಬದಲಾದರೆ ರೀಲೋಡ್ ಸಾಲದು. ಕನ್ನಡ ವಿಕಿಪೀಡಿಯದ ಹುಡುಕಾಟವನ್ನೂ ನಡೆಸುವ ಸಿರಸ್‌ಸರ್ಚ್ ಹಿಡಿದ ದಾರಿ ಹೊಸ ಇಂಡೆಕ್ಸನ್ನು ಪೂರ್ತಿ ಕಟ್ಟಿ, ಅಲಿಯಾಸ್ ಎಂಬ ಹೆಸರನ್ನು ಅದಕ್ಕೆ ತಿರುಗಿಸಿ, ಆಮೇಲೆ ಹಳೆಯದನ್ನು ಅಳಿಸುವುದು. ಓದುಗರಿಗೆ ಇದರ ಸುಳಿವೂ ಸಿಗುವುದಿಲ್ಲ. ಆದರೆ ಅಷ್ಟು ಹೊತ್ತು ಎರಡು ಇಂಡೆಕ್ಸಿಗಾಗುವಷ್ಟು ಡಿಸ್ಕ್ ಬೇಕು. ಒಂದೇ ಯಂತ್ರದಲ್ಲಿ ಕನ್ನಡ ದಾಖಲೆಗಳನ್ನು ಇಟ್ಟುಕೊಂಡವರು ಅದನ್ನು ಮೊದಲೇ ತೆಗೆದಿರಿಸಬೇಕು.